ಹಾಸಲು ಬೇರೆ, ಹೊದೆಯಲು ಬೇರೆ

ಜಿಪ್ಪಿನ ಪಾರದರ್ಶಕ ಚೀಲದಲ್ಲಿ ಮಡಚಿಟ್ಟ ಬೆಡ್ಡಿಂಗ್ ಸೆಟ್ ಈಗ ಮದುವೆ, ಗೃಹಪ್ರವೇಶಗಳ ಮೆಚ್ಚಿನ ಉಡುಗೊರೆ. ಒಂದು ಬೆಡ್‌ಶೀಟ್, ಎರಡು ದಿಂಬಿನ ಕವರ್, ಒಂದು ಕಂಫರ್ಟರ್. ಎಲ್ಲದರ ಮೇಲೂ ಅದೇ ಹೂವು, ಅದೇ ಬಣ್ಣ. ಒಂದೇ ಸಲಕ್ಕೆ ಮಂಚ ಸಿದ್ಧವಾಗುತ್ತದೆ, ಬಿಡಿಯಾಗಿ ಕೊಂಡರೆ ಆಗುವಷ್ಟು ಖರ್ಚೂ ಬರುವುದಿಲ್ಲ. ಆದರೂ ನನ್ನನ್ನು ಕೇಳಿದರೆ, ಹಾಸುವುದನ್ನು ಬೇರೆ ಕೊಳ್ಳಿ, ಹೊದೆಯುವುದನ್ನು ಬೇರೆ ಕೊಳ್ಳಿ ಎನ್ನುತ್ತೇನೆ. ಎರಡರ ಕೆಲಸ ಬೇರೆ, ಬಾಳಿಕೆ ಬೇರೆ, ಒಗೆಯುವ ರೀತಿಯೂ ಬೇರೆ.

ಮೊದಲು ಅಳತೆ ನೋಡೋಣ. ನಮ್ಮ ಅಂಗಡಿಗಳಲ್ಲಿ ಡಬಲ್ ಬೆಡ್‌ಶೀಟ್ ಎಂದು ಕೊಡುವುದು ಬಹುಮಟ್ಟಿಗೆ 90 ಇಂಚು ಅಗಲ, 100 ಇಂಚು ಉದ್ದದ ಬಟ್ಟೆ. ಮೂರು ನಾಲ್ಕು ಇಂಚು ದಪ್ಪದ ಹತ್ತಿ ಹಾಸಿಗೆಗೆ ಅದು ಧಾರಾಳವಾಯಿತು. ಈಗ ಮನೆಮನೆಯಲ್ಲಿರುವುದು ಎಂಟು ಇಂಚಿನ ಫೋಮ್ ಇಲ್ಲವೇ ಸ್ಪ್ರಿಂಗ್ ಹಾಸಿಗೆ. 72 ಇಂಚು ಅಗಲದ ಕಿಂಗ್ ಹಾಸಿಗೆಯ ಮೇಲೆ 90 ಇಂಚಿನ ಶೀಟು ಹರಡಿದರೆ ಒಂದೊಂದು ಬದಿಗೆ ಒಂಬತ್ತು ಇಂಚು ಇಳಿಯುತ್ತದೆ. ದಪ್ಪಕ್ಕೇ ಎಂಟು ಹೋಯಿತು, ಅಡಿಗೆ ಸಿಕ್ಕಿಸಲು ಉಳಿದದ್ದು ಒಂದೇ ಇಂಚು. ಇನ್ನು ಹತ್ತಿ ಬಟ್ಟೆ ಮೊದಲ ಕೆಲವು ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಐದರಂತೆ ಲೆಕ್ಕ ಹಾಕಿ: 90 ಇಂಚು ಎಂಬತ್ತೈದೂವರೆಗೆ ಇಳಿಯುತ್ತದೆ, ಹಾಸಿಗೆಯ ಬದಿಯೂ ಪೂರ್ತಿ ಮುಚ್ಚುವುದಿಲ್ಲ. ಬೆಳಗ್ಗೆ ಏಳುವಾಗ ಶೀಟು ಬೆನ್ನಡಿ ಮುದ್ದೆಯಾಗಿರುತ್ತದಲ್ಲ, ಅದರ ಮೂಲ ಇಲ್ಲಿದೆ. ಅದೇ ಹಾಸಿಗೆಗೆ 108ಕ್ಕೆ 108ರ ಶೀಟು ತಂದರೆ ಕುಗ್ಗಿದ ಮೇಲೂ ಅಡಿಗೆ ಏಳು ಇಂಚು ಸಿಗುತ್ತದೆ, ರಾತ್ರಿಯಿಡೀ ಜಗ್ಗುವುದಿಲ್ಲ.

ಬಿಡಿ ಶೀಟು ಕೊಳ್ಳುವವರು ಈ ಎರಡು ಅಳತೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಸೆಟ್ಟಿನ ಚೀಲದ ಮೇಲೆ ‘ಡಬಲ್’ ಎಂಬುದಷ್ಟೇ ದಪ್ಪಕ್ಷರದಲ್ಲಿರುತ್ತದೆ, ಇಂಚುಗಳನ್ನು ಮೂಲೆಯ ಚೀಟಿಯಲ್ಲಿ ಹುಡುಕಬೇಕು. ಎಲಾಸ್ಟಿಕ್ ಶೀಟಿನವರು ಎಷ್ಟು ದಪ್ಪದ ಹಾಸಿಗೆಗೆ ಹೊಲಿದದ್ದು ಎಂದು ಕೇಳಲೇಬೇಕು. ಎಲಾಸ್ಟಿಕ್ ನಾಲ್ಕು ಮೂಲೆಗಷ್ಟೇ ಇದ್ದರೆ ಬೇಡ, ಸುತ್ತಲೂ ಇರಲಿ.

ಬಟ್ಟೆಯ ವಿಷಯಕ್ಕೆ ಬಂದರೆ, ಚೀಲದೊಳಗಿನದನ್ನು ಮುಟ್ಟಿ ನೋಡಲು ಆಗುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. ಅಗ್ಗದ ಸೆಟ್ಟುಗಳಲ್ಲಿ ಬಹುಪಾಲು ಮೈಕ್ರೋಫೈಬರ್, ಅಂದರೆ ಪಾಲಿಯೆಸ್ಟರ್. ‘ಗ್ಲೇಸ್ ಕಾಟನ್’ ಎಂದು ಮಾರುವುದರಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಕೈಗೆ ನುಣುಪು, ಬಣ್ಣ ಬೇಗ ಹೋಗದು, ಇಸ್ತ್ರಿ ಬೇಡ. ಆದರೆ ಬೆವರನ್ನು ಹೀರುವುದಿಲ್ಲ. ಮಂಗಳೂರು, ಕಾರವಾರದ ಏಪ್ರಿಲ್ ರಾತ್ರಿಯಲ್ಲಿ ಅದರ ಮೇಲೆ ಮಲಗಿದವರಿಗೆ ಹೆಚ್ಚು ಹೇಳಬೇಕಿಲ್ಲ. ಸಂಶಯ ಬಂದರೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಸುಟ್ಟ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ತ್ರೆಡ್ ಕೌಂಟಿನ ಮೋಹವನ್ನೂ ಸ್ವಲ್ಪ ಇಳಿಸಿಕೊಳ್ಳಬೇಕು. ಒಂದು ಚದರ ಇಂಚಿನಲ್ಲಿ ಹಾಸು ಎಳೆ, ಹೊಕ್ಕು ಎಳೆ ಎರಡೂ ಸೇರಿ ಎಷ್ಟಿವೆ ಎಂಬುದೇ ಆ ಸಂಖ್ಯೆ. ಒಂಟಿ ಎಳೆಯ ನೂಲಿನಲ್ಲಿ ನಾನೂರರ ಆಸುಪಾಸು ದಾಟುವುದು ಕಷ್ಟ. 800, 1000 ಎಂದು ಬರೆದಿದ್ದರೆ ಹೊಸೆದ ನೂಲಿನ ಒಂದೊಂದು ಎಳೆಯನ್ನೂ ಬಿಡಿಸಿ ಎಣಿಸಿರುವ ಸಾಧ್ಯತೆಯೇ ಹೆಚ್ಚು. ನೇಯ್ಗೆ ಯಾವುದು ಎಂಬುದು ಅದಕ್ಕಿಂತ ಮುಖ್ಯ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಸಾಗುವ ಪರ್ಕೇಲ್ ಗರಿಗರಿಯಾಗಿ, ತಂಪಾಗಿ ಇರುತ್ತದೆ. ಹೆಚ್ಚು ಎಳೆ ಮೇಲ್ಮೈಯಲ್ಲೇ ತೇಲುವ ಸ್ಯಾಟಿನ್ ನೇಯ್ಗೆ ಹೊಳೆಯುತ್ತದೆ, ಮೈಗೆ ಒತ್ತಿಕೊಳ್ಳುತ್ತದೆ, ಕೊಂಚ ಬೆಚ್ಚಗೂ ಇರುತ್ತದೆ. ಕರಾವಳಿಗೆ, ಬಳ್ಳಾರಿ ರಾಯಚೂರಿನ ಸೆಕೆಗೆ 200ರಿಂದ 300ರೊಳಗಿನ ಪರ್ಕೇಲನ್ನು ಕಣ್ಣು ಮುಚ್ಚಿ ಕೊಳ್ಳಬಹುದು.

ಹೊದಿಕೆಯ ವಿಷಯಕ್ಕೆ ಬಂದಾಗ ಸೆಟ್ಟು ಪೂರ್ತಿ ಸೋಲುತ್ತದೆ. ಮಂಚಕ್ಕೊಂದೇ ಕಂಫರ್ಟರ್, ಅದರಡಿ ಇಬ್ಬರು ಎಂಬುದು ಆ ಚೀಲದ ಲೆಕ್ಕ. ನಮ್ಮ ಮನೆಗಳಲ್ಲಿ ಹೊದಿಕೆ ಎಂದೂ ಮಂಚದ್ದಾಗಿರಲಿಲ್ಲ, ಮನುಷ್ಯನದಾಗಿತ್ತು. ಅಜ್ಜನ ಕಂಬಳಿ ಅಜ್ಜನದೇ, ಮಕ್ಕಳ ದುಪ್ಪಟಿ ಮಕ್ಕಳದೇ. ಒಬ್ಬರಿಗೆ ಚಳಿ ತಡೆಯದು, ಪಕ್ಕದವರಿಗೆ ಫ್ಯಾನು ಐದರಲ್ಲಿ ಬೇಕು. ಇಬ್ಬರಿಗೂ ಒಂದೇ ದಪ್ಪದ ಹೊದಿಕೆ ಹೇಗೆ ಸರಿಹೋದೀತು? ಜರ್ಮನಿ, ಸ್ವೀಡನ್ನಿನಂಥ ಚಳಿ ದೇಶಗಳಲ್ಲೂ ಗಂಡ ಹೆಂಡತಿ ಒಂದೇ ಮಂಚದ ಮೇಲೆ ತಮ್ಮ ತಮ್ಮ ರಜಾಯಿ ಹೊದೆಯುವುದು ಬಹಳ ಮಾಮೂಲು.

ಒಗೆಯುವ ಕಷ್ಟವೂ ಇದೆ. 90ಕ್ಕೆ 100 ಇಂಚಿನ ಕಂಫರ್ಟರಿಗೆ 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ, ತುಂಬಿದ್ದರೆ ಒಳಗಿನ ಪಾಲಿಯೆಸ್ಟರೇ ಸುಮಾರು 1.2 ಕಿಲೋ, ಮೇಲಿನ ಬಟ್ಟೆ ಬೇರೆ. ಮನೆಯ ಸಣ್ಣ ಮಷೀನಿನ ಡ್ರಮ್ಮಿನಲ್ಲಿ ಅದು ಇಡುಕಿಕೊಂಡು ಕೂರುತ್ತದೆ, ಹೊರಳಲು ಜಾಗವೇ ಇರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಣಗಿಸುವುದಂತೂ ದೂರದ ಮಾತು. ಹಾಗಾಗಿ ಶೀಟು ವಾರಕ್ಕೊಮ್ಮೆ ಒಗೆತ ಕಂಡರೆ ಕಂಫರ್ಟರು ವರ್ಷಕ್ಕೊಮ್ಮೆ ಕಾಣುತ್ತದೆ. ಎರಡು ವರ್ಷದ ಮೇಲೆ ಶೀಟಿನ ಹೂವು ಮಾಸಿ, ಕಂಫರ್ಟರಿನ ಹೂವು ಹೊಸದರಂತೆಯೇ ಉಳಿದು, ಯಾವ ಹೊಂದಾಣಿಕೆಗಾಗಿ ಸೆಟ್ ಕೊಂಡರೋ ಅದೇ ಕೆಡುತ್ತದೆ.

ಬಿಡಿಯಾಗಿ ಕೊಳ್ಳುವವರಿಗೆ ನಮ್ಮ ಸುತ್ತಮುತ್ತಲೇ ಎಷ್ಟೊಂದು ಹೊದಿಕೆಗಳಿವೆ! ಬೆಂಗಳೂರು ಮೈಸೂರಿನ ಹೆಚ್ಚಿನ ದಿನಗಳಿಗೆ ತೆಳು ಮಲ್‌ಬಟ್ಟೆಯನ್ನು ಮೂರು ಪದರ ಹೊಲಿದ ದೋಹರ್ ಸಾಕು. ಧಾರವಾಡ, ಬೆಳಗಾವಿಯ ಮಾಗಿಗೆ ಸೊಲ್ಲಾಪುರದ ಚಾದರ ಹೇಳಿ ಮಾಡಿಸಿದ್ದು. ಗಟ್ಟಿ ಹತ್ತಿ, ಎರಡೂ ಮಗ್ಗುಲಲ್ಲಿ ಚಿತ್ತಾರ, ಒಂದು ಬದಿಯ ಬಣ್ಣ ಇನ್ನೊಂದು ಬದಿಯಲ್ಲಿ ಅದಲುಬದಲು. ಚಳ್ಳಕೆರೆಯ ಕಂಬಳಿ ದಖ್ಖನಿ ಕುರಿಯ ಉಣ್ಣೆಯದು, ಹುಣಸೆ ಬೀಜದ ಗಂಜಿ ಕುಡಿದದ್ದು. ಮೊದಮೊದಲು ಬಿರುಸಾಗಿ ಚುಚ್ಚುತ್ತದೆ. ಮೈಗೆ ತಾಗುವಂತೆ ತೆಳು ದುಪ್ಪಟಿ ಹೊದ್ದು ಅದರ ಮೇಲೆ ಕಂಬಳಿ ಎಳೆದುಕೊಳ್ಳಬೇಕು.

ಕೌದಿಯನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಹಳೆಯ ಸೀರೆ, ಧೋತರಗಳು ಪದರ ಪದರವಾಗಿ ಕೂತು, ಸಾಲು ಹೊಲಿಗೆಯಲ್ಲಿ ಒಂದಾಗಿ, ಒಗೆದಷ್ಟೂ ಮೆತ್ತಗಾಗುವ ಹೊದಿಕೆ ಅದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಯಾದ ಕವಂದಿಯನ್ನು ಹತ್ತಿರದಿಂದ ನೋಡಿ. ಹೊಲಿಗೆ ಅಂಚಿನಿಂದ ಹೊರಟು ಸುತ್ತುಸುತ್ತಾಗಿ ನಡುವಿಗೆ ಬರುತ್ತದೆ, ತುಂಡು ಬಟ್ಟೆಗಳು ಆ ದಾರಿಯಲ್ಲೇ ಒಂದೊಂದಾಗಿ ಸೇರಿಕೊಳ್ಳುತ್ತವೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳು. ಅವನ್ನು ಅವರು ಫೂಲಾ ಎನ್ನುತ್ತಾರೆ, ಅವಿಲ್ಲದೆ ಕವಂದಿ ಮುಗಿದಂತೆಯೇ ಅಲ್ಲ. ಕೌದಿ ಹೊಲಿಸುವವರು ಕೊಡುವ ಸೀರೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಸೀರೆಯ ಕೌದಿ ಕಣ್ಣಿಗೆ ಚೆಂದ ಕಂಡರೂ ಒಳಗೆ ಉಬ್ಬೆ ಹಾಕಿದಂತಾಗುತ್ತದೆ.

ಹಾಗಾದರೆ ಸೆಟ್ ಬೇಡವೇ ಬೇಡವೇ? ಪೇಯಿಂಗ್ ಗೆಸ್ಟ್ ಕೋಣೆಗೆ ಹೊರಟ ಹುಡುಗನಿಗೆ, ವರ್ಷದಲ್ಲಿ ಕೆಲವೇ ದಿನ ನೆಂಟರು ಮಲಗುವ ಕೋಣೆಗೆ ಅದು ಸರಿ. ಶೀಟು ಮತ್ತು ದಿಂಬಿನ ಕವರ್ ಮಾತ್ರ ಇರುವ ಸೆಟ್ಟಿನ ಬಗ್ಗೆಯಂತೂ ನನ್ನ ತಕರಾರಿಲ್ಲ. ಅವು ಒಂದೇ ಥಾನಿನ ಬಟ್ಟೆ, ಒಟ್ಟಿಗೆ ಒಗೆಯುವಂಥವು, ಒಟ್ಟಿಗೇ ಮಾಸುತ್ತವೆ. ಕವರ್ ಎರಡೇ ಎಂಬುದು ಅದರ ಕೊರತೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮಲ್ಲಿ ಶೀಟಿಗಿಂತ ಮೊದಲು ಕೊಳೆಯಾಗುವುದು, ಸವೆಯುವುದು ದಿಂಬಿನ ಕವರೇ. ಶೀಟೊಂದಕ್ಕೆ ನಾಲ್ಕು ಕವರ್ ಬೇಕು. ಮೀಟರ್ ಲೆಕ್ಕದಲ್ಲಿ ಶೀಟಿನ ಬಟ್ಟೆ ಕತ್ತರಿಸಿ ಕೊಡುವ ಅಂಗಡಿ ಸಿಕ್ಕರೆ ಕವರಿನ ಬಟ್ಟೆಯನ್ನೂ ಅದೇ ಥಾನಿನಿಂದ ತೆಗೆದುಕೊಂಡು ಟೈಲರಿಗೆ ಕೊಡಿ. ಜೊತೆಗೆ ನಿಮ್ಮ ದಿಂಬನ್ನೂ ಒಯ್ಯಿರಿ. ಬೂರುಗದ ಹತ್ತಿಯದಾದರೆ ಒಂದು ಮಧ್ಯಾಹ್ನ ಬಿಸಿಲಿಗೆ ಹಾಕಿ, ಉಬ್ಬಿದ ಮೇಲೆಯೇ ಅಳತೆ ಕೊಡಿ.