ಅಗಸ್ಟೀನನ ಆತ್ಮನಿವೇದನೆ

ಸಂತರ ಚರಿತ್ರೆಗಳನ್ನು ಬರೆದವರು ಬಹುಮಟ್ಟಿಗೆ ಒಂದೇ ಕ್ರಮವನ್ನು ಅನುಸರಿಸಿರುವರು. ಬಾಲ್ಯದ ಪ್ರತಿಯೊಂದು ಸಂಗತಿಯೂ ಅವರಲ್ಲಿ ಮುಂದಿನ ಸಿದ್ಧಿಯ ಮುನ್ಸೂಚನೆಯಾಗುತ್ತದೆ. ಸಂತ ಅಗಸ್ಟೀನನು ಸುಮಾರು ಕ್ರಿ. ಶ. 397ರಿಂದ 400ರ ಅವಧಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಕನ್ಫೆಸಿಯೋನೆಸ್’ ಈ ಕ್ರಮಕ್ಕೆ ಒಳಪಟ್ಟುದಲ್ಲ. ಆ ಹೆಸರಿಗೆ ಪಾಪದ ಒಪ್ಪಿಗೆಯೆಂದೂ ದೇವರ ಸ್ತುತಿಯೆಂದೂ ಎರಡರ್ಥಗಳುಂಟು. ‘ತಪ್ಪೊಪ್ಪಿಗೆ’ ಎಂದರೆ ಅರ್ಧಾರ್ಥ ಮಾತ್ರ ಬಂದೀತು; ‘ಆತ್ಮನಿವೇದನೆ’ ಎಂಬುದು ಹೆಚ್ಚು ಒಪ್ಪುವ ಮಾತು. ಹದಿಮೂರು ಭಾಗಗಳ ಈ ಗ್ರಂಥದಲ್ಲಿ ಮೊದಲ ಒಂಬತ್ತು ಭಾಗಗಳು ಗ್ರಂಥಕರ್ತನ ಪೂರ್ವಜೀವನವನ್ನು ಹೇಳುತ್ತವೆ.

ಅಗಸ್ಟೀನನು 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಎಂದರೆ ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸಿನಲ್ಲಿ, ಹುಟ್ಟಿದನು. ತಾಯಿ ಮೋನಿಕಳು ದೃಢಭಕ್ತಿಯ ಕ್ರೈಸ್ತಳು. ತಂದೆ ಪೆಟ್ರೀಷಿಯಸನು ಬಾಳಿನ ಕೊನೆಗಾಲದವರೆಗೆ ಆ ಮತವನ್ನು ಸೇರಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಹಣದ ಅಭಾವದಿಂದ ವಿದ್ಯಾಭ್ಯಾಸವು ನಿಂತಿದ್ದಾಗ ಅವನು ಗೆಳೆಯರೊಡನೆ ರಾತ್ರಿ ಒಂದು ಪೇರು ಮರದ ಹಣ್ಣುಗಳನ್ನು ಕದ್ದನು. ಹಸಿವೆಯಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಅವನಲ್ಲಿಯೇ ಇದ್ದಿತು, ಕದ್ದುದನ್ನು ಹಂದಿಗಳಿಗೆ ಎಸೆದರು. ಇಷ್ಟು ಅಲ್ಪ ಸಂಗತಿಯನ್ನು ಅವನು ಪುಟಗಟ್ಟಲೆ ಶೋಧಿಸುತ್ತಾನೆ. ಲಾಭವಿಲ್ಲದ ಕೇಡಿನಲ್ಲಿ ಮನಸ್ಸಿಗೆ ಸುಖವೆಲ್ಲಿಂದ ಬಂದಿತು? ಒಬ್ಬನೇ ಆಗಿದ್ದರೆ ಕದಿಯುತ್ತಿರಲಿಲ್ಲವೆಂಬುದು ಅವನು ಕಂಡುಕೊಂಡ ಉತ್ತರಗಳಲ್ಲೊಂದು. ಗ್ರಂಥದ ಶಕ್ತಿಯು ಮೊದಲು ಪ್ರಕಟವಾಗುವುದು ಇಲ್ಲಿಯೇ.

ಅವನ ಜಾಗೃತಿಯೂ ಒಬ್ಬಂಟಿಯಾಗಿ ಆದುದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರ್ಥೇಜಿನಲ್ಲಿ ಓದಿದ ಸಿಸೆರೋವಿನ ‘ಹೊರ್ಟೆನ್ಸಿಯಸ್’ ಜ್ಞಾನದ ಹಂಬಲವನ್ನು ಹುಟ್ಟಿಸಿತು. ಬೈಬಲಿನ ಶೈಲಿಯು ಒರಟಾಗಿ ಕಂಡುದರಿಂದ ಅವನು ಮಾನಿಯ ಮತವನ್ನು ಹಿಡಿದು ಒಂಬತ್ತು ವರ್ಷ ಅದರಲ್ಲಿದ್ದನು. 384ರಲ್ಲಿ ಮಿಲಾನಿನಲ್ಲಿ ವಾಗ್ಮಿತೆಯ ಅಧ್ಯಾಪಕನಾದ ಮೇಲೆ ಬಿಷಪ್ ಆಂಬ್ರೋಸನ ಉಪನ್ಯಾಸಗಳಿಗೆ ಮಾತಿನ ಸೊಗಸಿಗಾಗಿ ಹೋದನು. ಸೊಗಸಿನೊಡನೆ ಅರ್ಥವೂ ಒಳಹೊಕ್ಕಿತು. ಪ್ಲೇಟೋ ಪಂಥದವರ ಗ್ರಂಥಗಳು ದೇವರನ್ನು ಅಶರೀರಿಯೆಂದು ಭಾವಿಸಲು ಕಲಿಸಿದವು. 386ರಲ್ಲಿ ಪೊಂಟಿಸಿಯಾನಸನೆಂಬವನು ಈಜಿಪ್ಟಿನ ತಪಸ್ವಿ ಆಂಟನಿಯ ಕಥೆಯನ್ನು ಹೇಳಿದ ದಿನವೇ, ತೋಟದ ಅಂಜೂರದ ಮರದಡಿ ಅಳುತ್ತಿದ್ದವನಿಗೆ, ಎತ್ತಿಕೊಂಡು ಓದೆಂಬ ಮಗುವಿನ ದನಿ ಕೇಳಿತು. ಪೌಲನ ಪತ್ರವನ್ನು ತೆರೆದನು, ಸಂದೇಹವು ಹರಿಯಿತು. ಗೆಳೆಯ ಅಲಿಪಿಯಸನೂ ಜೊತೆಯಲ್ಲಿದ್ದನು.

ಆ ಚಳಿಗಾಲದಲ್ಲಿಯೇ ಅಗಸ್ಟೀನನು ಬರೆದ ಸಂವಾದಗ್ರಂಥಗಳಲ್ಲಿ ಈ ದನಿಯ ಪ್ರಸ್ತಾಪವಿಲ್ಲ. ಆದಕಾರಣ ತೋಟದ ಪ್ರಸಂಗವು ಕವಿಕಲ್ಪನೆಯೆಂದು ಕೆಲವು ವಿದ್ವಾಂಸರ ಮತ. ಹತ್ತು ವರ್ಷಗಳ ತರುವಾಯ ಹಿಪ್ಪೋ ನಗರದ ಬಿಷಪ್ ಆಗಿದ್ದವನು ತನ್ನ ನೆನಪುಗಳನ್ನು ಹೊಂದಿಸಿ ಜೋಡಿಸಿರುವುದು ಸಹಜ. ಸಂಗದಿಂದ ಕೆಟ್ಟ ಮರವೊಂದು, ಸಂಗದಿಂದ ಎಚ್ಚೆತ್ತ ಮರವೊಂದು: ಈ ಜೋಡಣೆಯು ಸತ್ಯಕ್ಕೆ ವಿರೋಧವಲ್ಲ. ಎಚ್ಚೆತ್ತ ಬಳಿಕವೂ ಪ್ರಲೋಭನಗಳು ಬಿಟ್ಟುಹೋಗಲಿಲ್ಲವೆಂದು ಹತ್ತನೆಯ ಭಾಗದಲ್ಲಿ ಮರೆಮಾಚದೆ ಹೇಳಿರುವವನ ಪ್ರಾಮಾಣಿಕತೆಯನ್ನು ಒಂದು ದನಿಯ ಮೇಲೆ ತೂಗಲಾಗದು.

ಅದನ್ನು ತೂಗಬೇಕಾದ ಸ್ಥಳ ಬೇರೊಂದುಂಟು. ಹತ್ತು ವರ್ಷಕ್ಕೂ ಮೀರಿ ಅವನೊಡನೆ ಬಾಳಿ, ಅದೇವೊದಾತನೆಂಬ ಮಗನನ್ನು ಹೆತ್ತ ಹೆಂಗಸಿನ ಹೆಸರು ಗ್ರಂಥದಲ್ಲೆಲ್ಲಿಯೂ ಇಲ್ಲ. ಅನುಕೂಲವಾದ ವಿವಾಹಸಂಬಂಧಕ್ಕೆ ಅಡ್ಡಿಯೆಂದು ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಮಗನನ್ನು ಅವನ ಬಳಿ ಬಿಟ್ಟು, ಇನ್ನು ಪರಪುರುಷನನ್ನು ಅರಿಯೆನೆಂದು ವ್ರತ ತೊಟ್ಟು ಅವಳು ಹೊರಟುಹೋದಳು. ಅವನು ಮದುವೆಯವರೆಗೂ ಕಾಯಲಾರದೆ ಮತ್ತೊಬ್ಬಳನ್ನು ಇರಿಸಿಕೊಂಡನು. ತನ್ನ ಹೃದಯಕ್ಕೆ ಗಾಯವಾಯಿತೆಂದೂ ಅವಳನ್ನು ಅನುಸರಿಸಲಾರದೆ ಹೋದೆನೆಂದೂ ಅವನು ಒಪ್ಪುತ್ತಾನೆ. ಆದರೆ ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾನೆ. ಹೆಸರನ್ನು ಮರೆಸಿದುದು ಅವಳ ಮಾನವನ್ನು ಕಾಯಲೆಂದು ಇದ್ದೀತು. ಹಣ್ಣಿನ ಕಳವಿಗೆ ಕೇಳಿದ ‘ಏಕೆ’ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳದಿರುವುದಕ್ಕೆ ಆ ಸಮಾಧಾನ ಸಾಲದು. ಇಂದ್ರಿಯನಿಗ್ರಹಕ್ಕಾಗಿ ತೋಟದಲ್ಲಿ ಅತ್ತವನಿಗಿಂತ ಮೊದಲೇ ಆ ವ್ರತವನ್ನು ತೊಟ್ಟವಳು ಆಕೆ.

ಈ ಕೊರತೆಯಿಂದ ಗ್ರಂಥದ ಬೆಲೆ ಕುಂದದು. ಆ ಕೆಲವು ವಾಕ್ಯಗಳನ್ನು ಅವನೇ ಉಳಿಸಿರದಿದ್ದರೆ ಈ ಆಕ್ಷೇಪಣೆಗೆ ಆಧಾರವೇ ಇರುತ್ತಿರಲಿಲ್ಲ. ಮೊದಲ ಒಂಬತ್ತು ಭಾಗಗಳನ್ನು ಓದುವ ವಾಚಕರು ತೋಟದ ಪ್ರಸಂಗಕ್ಕೆ ಬರುವ ಮುನ್ನ, ಆರನೆಯ ಭಾಗದ ಆ ಚಿಕ್ಕ ಪ್ರಕರಣದಲ್ಲಿ ಕ್ಷಣಕಾಲ ನಿಲ್ಲುವುದು ಉಚಿತ.