ಕಿತ್ತೂರಿನ ಕಲೆಕ್ಟರನೂ ಲಂಡನ್ನಿನ ಕುಚೋದ್ಯವೂ

ಮನುಷ್ಯಸ್ವಭಾವದ ಮೇಲೆ ಮೊನಚು ಮಾತಾಡಿದ ಇಂಗ್ಲಿಷ್ ಲೇಖಕರ ಸಾಲಿನಲ್ಲಿ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಹೆಸರು ಬಂದಾಗ ಕಿತ್ತೂರು, ಬೈಲಹೊಂಗಲದ ಓದುಗರು ಅಲ್ಲಿ ಒಂದು ಗಳಿಗೆ ನಿಲ್ಲಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಹತನಾದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಈತನ ಚಿಕ್ಕಪ್ಪ. ಕಿತ್ತೂರು ಸಂಸ್ಥಾನದ ದತ್ತಕವನ್ನು ಆ ಕಲೆಕ್ಟರ್ ಒಪ್ಪಲಿಲ್ಲ, ಭಂಡಾರಕ್ಕೆ ಮುದ್ರೆ ಹಾಕಿಸಿದ, ಬಾಗಿಲು ತೆರೆಯದಿದ್ದಾಗ ತೋಪು ತಂದು ನಿಲ್ಲಿಸಿದ. ಮುಂದಿನದು ಇಲ್ಲಿನ ಶಾಲೆಮಕ್ಕಳಿಗೂ ಬಾಯಿಪಾಠ. ಕಲ್ಕತ್ತೆಯಲ್ಲಿ ಹುಟ್ಟಿ, ತಂದೆ ತೀರಿದ ಮೇಲೆ ಇಂಗ್ಲೆಂಡ್ ಸೇರಿದ್ದ ಅಣ್ಣನ ಮಗನಿಗೆ ಆಗ 13 ವರ್ಷ. ಬರೇ ನಗಿಸುವ ಮಾತು ಯಾವುದು, ಸ್ವಭಾವವನ್ನು ಅರಿತು ಆಡಿದ ಮಾತು ಯಾವುದು ಎಂದು ತೂಗಿ ನೋಡಲು ಈ ಮನೆತನಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಸೀಮೆಗೆ ಸಿಗಲಾರದು.

ಥ್ಯಾಕರೆಯ ಹೆಚ್ಚುಗಾರಿಕೆ ಇರುವುದು ಅವನು ನಗುವಾಗ ನಿಂತ ಜಾಗದಲ್ಲಿ. ದೊಡ್ಡವರೆದುರು ಬಾಗಿ ಸಣ್ಣವರೆದುರು ಬೀಗುವ ಮಂದಿಯ ಬಗ್ಗೆ 1846-47ರಲ್ಲಿ ‘ಪಂಚ್’ ಪತ್ರಿಕೆಗೆ ಸಾಲು ಲೇಖನ ಬರೆದಾಗ, ಲೇಖಕನ ಹೆಸರಿರಬೇಕಾದ ಕಡೆ ಅವನು ಹಾಕಿಕೊಂಡದ್ದು ‘ಅವರಲ್ಲೇ ಒಬ್ಬ’ ಎಂದು. ಇದು ಸುಮ್ಮನೆ ಮಾಡಿದ ನಾಟಕವಲ್ಲ. ಅವನ ಪಿತ್ರಾರ್ಜಿತವೆಲ್ಲ ಕಂಪನಿ ಚಾಕರಿಯ ಹಣ; 1833ರಲ್ಲಿ ಕಲ್ಕತ್ತೆಯ ಏಜೆನ್ಸಿ ಕೋಠಿಗಳು ಮುಳುಗಿದಾಗ ಅದರ ದೊಡ್ಡ ಪಾಲು ಮುಳುಗಿತು. ಅದಾದ ಮೇಲೆ ‘ವ್ಯಾನಿಟಿ ಫೇರ್’ನಲ್ಲಿ ಅವನು ಹುಟ್ಟಿಸಿದ ಜೋಸ್ ಸೆಡ್ಲಿ ಯಾರು? ಬಂಗಾಳದ ಬಾಗ್ಲಿವಾಲಾ ಎಂಬ ಕಲ್ಪಿತ ಊರಿನ ಕಲೆಕ್ಟರ್. ತಿಂಡಿಪೋತ, ಅಲಂಕಾರಪ್ರಿಯ, ಪುಕ್ಕಲ. ವಾಟರ್‌ಲೂ ಯುದ್ಧದ ವೇಳೆ ಬ್ರಸೆಲ್ಸ್‌ನಲ್ಲಿ ತೋಪಿನ ಸದ್ದು ಕೇಳಿದ್ದೇ ತಡ, ಸಿಪಾಯಿಯೆಂದು ಯಾರಾದರೂ ತಿಳಿದಾರೆಂದು ಮೀಸೆ ಬೋಳಿಸಿಕೊಂಡು, ಬಾಯಿಗೆ ಬಂದ ಬೆಲೆ ತೆತ್ತು ಕುದುರೆ ಕೊಂಡು ಓಡುತ್ತಾನೆ. ಹಿಂದೂಸ್ಥಾನಕ್ಕೆ ಮರಳಿದ ಮೇಲೆ ಅದೇ ಯುದ್ಧದ ಕಥೆ ಕೊಚ್ಚಿ ಕೊಚ್ಚಿ ‘ವಾಟರ್‌ಲೂ ಸೆಡ್ಲಿ’ ಎನಿಸಿಕೊಳ್ಳುತ್ತಾನೆ. ಓಡಿಹೋದವನೇ ರಣಕಥೆಯನ್ನು ಹೆಚ್ಚು ಹೇಳುತ್ತಾನೆಂಬುದನ್ನು ಸೂತ್ರವಾಗಿ ಹೇಳಿಬಿಡುವುದು ಸುಲಭ. ಅದನ್ನು ಒಬ್ಬ ಮನುಷ್ಯನ ಮೈಯಲ್ಲಿ ತುಂಬಿ ಓಡಾಡಿಸಿದ್ದರಿಂದ ಥ್ಯಾಕರೆ ನನಗೆ ಆಸ್ಕರ್ ವೈಲ್ಡ್‌ಗಿಂತ ಹೆಚ್ಚಿನವನು. ವೈಲ್ಡ್‌ನ ಮಾತು ಹೊಳೆಯುತ್ತದೆ, ಆದರೆ ಆಡಿದವನ ಮೇಲೆ ಅದರ ಒಂದು ಗೀರೂ ಬೀಳುವುದಿಲ್ಲ.

ಜೋಸ್‌ಗೂ ಕಿತ್ತೂರಿನ ಕಲೆಕ್ಟರನಿಗೂ ಏನು ಸಂಬಂಧ ಎಂದು ಕೇಳಬಹುದು. ನೇರ ಸಂಬಂಧವಿಲ್ಲ, ಎಳೆದು ಕಟ್ಟಲೂಬಾರದು. ಜೋಸ್ ತೋಪಿನ ಸದ್ದಿಗೇ ಓಡಿದವನು. ಸೇಂಟ್ ಜಾನ್ ತೋಪಿನ ಬಳಿಯೇ ಸತ್ತವನು. ಆದರೆ ತನ್ನ ಹಿರಿಯರೆಲ್ಲ ಕೂತ ಕುರ್ಚಿಯ ಮೇಲೇ ನಗೆಪಾಟಲಿನವನನ್ನು ಕೂರಿಸಲು ಲೇಖಕ ಅಂಜಲಿಲ್ಲವೆಂಬುದು ಗಣ್ಯ ಸಂಗತಿ. ಇನ್ನೊಂದು ಆಕ್ಷೇಪ: ಹೊರಗಿನವನ ಕಣ್ಣೇ ಚುರುಕಲ್ಲವೇ? ಬ್ರಿಟಿಷರ ಲೆಕ್ಕಕ್ಕೆ ಜಮೆಯಾದ ಸ್ವಿಫ್ಟ್, ವೈಲ್ಡ್, ಶಾ ಮೂವರೂ ಡಬ್ಲಿನ್‌ನಲ್ಲಿ ಹುಟ್ಟಿದವರು, ಥ್ಯಾಕರೆ ಕಲ್ಕತ್ತೆಯಲ್ಲಿ. ಇದರಲ್ಲಿ ನಿಜವಿದೆ. ಆದರೆ ಅವರಾರೂ ಪೂರ್ತಿ ಹೊರಗಿನವರಲ್ಲ. ಇಂಗ್ಲಿಷರ ದಿವಾನಖಾನೆಯಲ್ಲಿ ಅವರಿಗೂ ಜಾಗವಿತ್ತು. ಒಳಗೆ ಒಂದು ಕಾಲು ಇರದಿದ್ದರೆ ಚಟಾಕಿ ಬರೇ ಬೈಗುಳವಾಗುತ್ತದೆ.

ಥ್ಯಾಕರೆ ಎಡವಿದ್ದು ಬೇರೆ ಕಡೆ. ಬಾಗ್ಲಿವಾಲಾ ಎಂದರೆ ಅವನಿಗೆ ಜೌಗು, ಕಾಡು, ಹುಲಿ, ಹಕ್ಕಿಬೇಟೆ. ಜೋಸ್ ಯಾರಿಂದ ಕಂದಾಯ ವಸೂಲಿ ಮಾಡಿದನೋ ಆ ರೈತನಿಗೆ ಕಾದಂಬರಿಯಲ್ಲಿ ಬಾಯಿಲ್ಲ. ಸಾಹೇಬನನ್ನು ಕುರಿತು ನಕ್ಕದ್ದು ಸಾಹೇಬರ ಬಳಗವೇ. ನಮ್ಮ ಸವದತ್ತಿ, ರಾಮದುರ್ಗದ ಕಡೆಯ ಗೀಗೀ ಮೇಳದ ರೂಢಿ ಇದಕ್ಕೆ ತದ್ವಿರುದ್ಧ. ಹರದೇಶಿಯವರು ಗಂಡಿನ ಹಿರಿಮೆ ಸಾರಿ ಹೆಣ್ಣಿನ ಸ್ವಭಾವವನ್ನು ಕುಟುಕಿದರೆ, ನಾಗೇಶಿಯವರು ಅದೇ ರಾತ್ರಿ, ಅದೇ ಜನರೆದುರು, ಬಡ್ಡಿ ಸಮೇತ ತೀರಿಸುತ್ತಾರೆ. ಕುಟುಕಿಸಿಕೊಂಡವರು ಎದುರಿಗೇ ಇರುವುದರಿಂದ ಹಾಡುವವನು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಇಂದಿಗೂ ಹಿಡಿದು ಕೂರಿಸುವುದಕ್ಕೂ ಇಂಥದೇ ಕಾರಣ. ಗೆಳೆತನ, ಆಸೆ, ವಂಚನೆಯ ಆ ಕಥೆ ಕೂತು ನೋಡುವವರ ಊರಿನದೇ. ಅದರಲ್ಲಿ ಯಾರನ್ನೂ ದೂರದ ಪ್ರಾಣಿಯೆಂದು ನೋಡಿ ನಗುವಂತಿಲ್ಲ.

ನಮ್ಮ ಮೇಳಗಳ ಲಾವಣಿಕಾರನೂ ಪಕ್ಷಪಾತಿ, ಅವನ ಹಾಡಿನ ಸಾಹೇಬನೂ ಅರ್ಧ ಮನುಷ್ಯನೇ ಎನ್ನುವವರಿದ್ದಾರೆ. ಒಪ್ಪಿದೆ. ಹಾಗೆಂದೇ ಒಂದನ್ನು ಬಿಟ್ಟು ಇನ್ನೊಂದನ್ನು ಓದಬಾರದು. ಬೆಳಗಾವಿ ಸೀಮೆಯ ಶಾಸನಗಳನ್ನು ಓದಿದ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ: ಸಂಗೊಳ್ಳಿ ರಾಯಣ್ಣನ ಬಂಡಾಯದ್ದು, ಸಂಗ್ಯಾನ ಸಾವಿನದ್ದು, ಇಂಗ್ಲಿಷರ ಆದಾಯ ತೆರಿಗೆಯದ್ದೂ ಅವುಗಳಲ್ಲಿವೆ. ಫ್ಲೀಟ್ ತಾನೇ ಮುಂಬಯಿ ಸರ್ಕಾರದ ಅಧಿಕಾರಿ. ತೆರಿಗೆ ಎತ್ತುವ ಸರ್ಕಾರದ ನೌಕರನೊಬ್ಬ ತೆರಿಗೆ ಕೊಡುವವರ ಹಾಡನ್ನು ಬರೆದುಕೊಂಡು, ಇಂಗ್ಲಿಷಿಗೆ ತಿರುಗಿಸಿ, ತನ್ನ ಬಳಗದವರು ಓದುವ ಪತ್ರಿಕೆಗೇ ಕೊಟ್ಟ. ಜೋಸ್ ಸೆಡ್ಲಿಯ ಅಧ್ಯಾಯಗಳನ್ನು ಮುಗಿಸಿದವರು ಆ ತೆರಿಗೆಯ ಲಾವಣಿಯನ್ನು ಹುಡುಕಿ ಓದಲಿ, ಬಾಗ್ಲಿವಾಲಾದ ರೈತನ ಪಾಳಿ ಅಲ್ಲಿ ಶುರುವಾಗುತ್ತದೆ.