ಟ್ರಾನ್ಸಿಟ್‌ಫೀಡ್ ಲೈಬ್ರರಿ ಮತ್ತು ಅಟ್ಟೂರಿನ ಬಸ್ ವೇಳೆ

ಬಸ್, ರೈಲುಗಳ ವೇಳಾಪಟ್ಟಿಯನ್ನು ಜಿಟಿಎಫ್‌ಎಸ್ ಮಾದರಿಯಲ್ಲಿ ಓದಲು, ಬರೆಯಲು, ಅದರಲ್ಲಿನ ತಪ್ಪು ಹುಡುಕಲು ಗೂಗಲ್ ಬಿಡುಗಡೆ ಮಾಡಿದ ಪೈಥಾನ್ ಲೈಬ್ರರಿಯೇ ಟ್ರಾನ್ಸಿಟ್‌ಫೀಡ್. ಈ ಮಾದರಿಯ ಮೂಲ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದೆ. ಅಲ್ಲಿನ ಸಾರಿಗೆ ಸಂಸ್ಥೆ ಟ್ರೈಮೆಟ್ 2005ರಲ್ಲಿ ತನ್ನ ವೇಳಾಪಟ್ಟಿಯನ್ನು ಗೂಗಲ್‌ಗೆ ಕೊಟ್ಟಿತು, ಮರುವರ್ಷ ಮಾದರಿ ಎಲ್ಲರಿಗೂ ತೆರೆದುಕೊಂಡಿತು. ಈ ಮಾದರಿಯೆಂದರೆ ಒಂದು ಜಿಪ್ ಕಡತ, ಅದರೊಳಗೆ ಅಲ್ಪವಿರಾಮ ಹಾಕಿ ಬರೆದ ಕೆಲವು ಪಠ್ಯ ಕಡತಗಳು: ನಿಲ್ದಾಣಗಳು, ಮಾರ್ಗಗಳು, ಟ್ರಿಪ್‌ಗಳು, ಪ್ರತಿ ನಿಲ್ದಾಣದ ವೇಳೆ, ಸೇವೆಯ ದಿನಗಳು. ಸಾಮಾನ್ಯ ಸ್ಪ್ರೆಡ್‌ಶೀಟ್‌ನಲ್ಲೇ ತೆರೆಯಬಹುದಾದ ಈ ಸರಳತೆಯಿಂದಾಗಿಯೇ ಅದು ಜಗತ್ತಿಗೆಲ್ಲ ಹಬ್ಬಿತು.

ಲೈಬ್ರರಿಯ ಮೊದಲ ಗುಣ ಅದು ಬಳಸುವ ಹೆಸರುಗಳಲ್ಲಿದೆ. ಶೆಡ್ಯೂಲ್ ಒಂದನ್ನು ತೆರೆದು, ಸಂಸ್ಥೆಯನ್ನು ಸೇರಿಸಿ, ಅಕ್ಷಾಂಶ ರೇಖಾಂಶ ಕೊಟ್ಟು ಬೆಂಗಳೂರಿನ ಅಟ್ಟೂರು ಬಡಾವಣೆಯ ನಿಲ್ದಾಣವನ್ನು ಸೇರಿಸಿ, ಮಾರ್ಗಕ್ಕೆ ಟ್ರಿಪ್, ಟ್ರಿಪ್‌ಗೆ ಒಂದೊಂದೇ ನಿಲ್ದಾಣದ ವೇಳೆ ಕೂಡಿಸುತ್ತ ಹೋದರೆ ಇಪ್ಪತ್ತು ಮೂವತ್ತು ಸಾಲಿನಲ್ಲಿ ಕಡತ ಸಿದ್ಧ. ಡಿಪೊದಲ್ಲಿ ಶೆಡ್ಯೂಲ್ ಬರೆಯುವವರು ಯೋಚಿಸುವ ಕ್ರಮವೂ ಹೆಚ್ಚುಕಡಿಮೆ ಇದೇ. ನಡುರಾತ್ರಿ ದಾಟುವ ಬಸ್ಸನ್ನೂ ಲೈಬ್ರರಿ ಸರಿಯಾಗಿ ನಿಭಾಯಿಸುತ್ತದೆ. ಮೆಜೆಸ್ಟಿಕ್‌ನಿಂದ ರಾತ್ರಿ 11.40ಕ್ಕೆ ಹೊರಟ ಬಸ್ಸು 12.35ಕ್ಕೆ ಅಟ್ಟೂರು ಮುಟ್ಟಿದರೆ ಆ ವೇಳೆಯನ್ನು 24:35:00 ಎಂದೇ ಬರೆಯಬೇಕು. ಟ್ರಿಪ್ ಹೊರಟ ದಿನಕ್ಕೇ ಸೇರಿದ್ದು ಎಂಬ ತರ್ಕ ಇದರ ಹಿಂದಿದೆ.

ತಪಾಸಣೆಯ ಭಾಗವೇ ಲೈಬ್ರರಿಯ ನಿಜವಾದ ಸಾಧನೆ. ಎರಡು ನಿಲ್ದಾಣಗಳ ನಡುವೆ ಬಸ್ಸು ಗಂಟೆಗೆ 100 ಕಿ.ಮೀ.ಗಿಂತ ವೇಗವಾಗಿ ಓಡಬೇಕಾಗಿ ಬಂದರೆ ಅದು ಎಚ್ಚರಿಸುತ್ತದೆ. ಎರಡು ನಿಲ್ದಾಣಗಳು ಒಂದರ ಮೇಲೊಂದು ಕೂತಂತಿದ್ದರೆ, ಯಾವ ಬಸ್ಸೂ ಬಾರದ ನಿಲ್ದಾಣ ಉಳಿದುಕೊಂಡಿದ್ದರೆ, ಸೇವೆಯ ದಿನಾಂಕ ಮುಗಿದಿದ್ದರೆ ಅದನ್ನೂ ಹೇಳುತ್ತದೆ. ಬರೆಯುವ ಸಾಧನವೇ ತಪ್ಪು ಹುಡುಕುವ ಸಾಧನವೂ ಆಗಿರಬೇಕೆಂಬ ಈ ನಿಲುವು ತುಂಬ ದೊಡ್ಡದು.

ಆದರೆ ಈ ತಪಾಸಣೆ ನೋಡುವುದು ಕಡತದ ವ್ಯಾಕರಣವನ್ನು, ರಸ್ತೆಯನ್ನಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನಿಲ್ದಾಣದ ಹೆಸರನ್ನು ಹಾಗೇ ಯುಟಿಎಫ್-8ಕ್ಕೆ ಉಳಿಸಿದರೆ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ತಪಾಸಣೆ ಅದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದದ್ದು ವೇಳೆಯ ಪ್ರಶ್ನೆ. ಜಿಟಿಎಫ್‌ಎಸ್‌ನಲ್ಲಿ ಮೊದಲ ಮತ್ತು ಕೊನೆಯ ನಿಲ್ದಾಣದ ವೇಳೆ ಕಡ್ಡಾಯ, ನಡುವಿನದು ಖಾಲಿ ಇರಬಹುದು. ಆ ಖಾಲಿ ಜಾಗ ತುಂಬಿಕೊಳ್ಳಲು ಲೈಬ್ರರಿಯಲ್ಲೊಂದು ವಿಧಾನವಿದೆ. ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ಗೆರೆಯ ದೂರ ಅಳೆದು, ಒಟ್ಟು ಅವಧಿಯನ್ನು ಆ ದೂರಕ್ಕೆ ತಕ್ಕಂತೆ ಅದು ಹಂಚುತ್ತದೆ. ಬಸ್ಸು ಉದ್ದಕ್ಕೂ ಒಂದೇ ವೇಗದಲ್ಲಿ ಓಡುತ್ತದೆಂಬುದು ಇಲ್ಲಿನ ಊಹೆ. ಬೆಳಗ್ಗೆ ಅಟ್ಟೂರಿನಿಂದ ಹೆಬ್ಬಾಳದ ಮೇಲೆ ಮೆಜೆಸ್ಟಿಕ್‌ಗೆ ಹೋಗುವ ಬಸ್ಸನ್ನು ನೋಡಿದರೆ ಊಹೆ ಎಲ್ಲಿ ಕೈಕೊಡುತ್ತದೆಂಬುದು ತಿಳಿಯುತ್ತದೆ. ಹೆಚ್ಚಿನ ಸಮಯ ಹೋಗುವುದು ಹೆಬ್ಬಾಳದ ಮೇಲ್ಸೇತುವೆಯ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಸಿಗುವ ಯಲಹಂಕದ ಕಡೆಯ ನಿಲ್ದಾಣಗಳನ್ನು ಬಸ್ಸು ಲೆಕ್ಕಕ್ಕಿಂತ ಮೊದಲೇ ದಾಟಿರುತ್ತದೆ. ಲೆಕ್ಕ ನಂಬಿ ಬಂದವರಿಗೆ ಬಸ್ಸು ತಪ್ಪುತ್ತದೆ. ಸಂಜೆ ವಾಪಸ್ ಬರುವಾಗ ಇದು ತಿರುಗುಮುರುಗು: ಹೆಬ್ಬಾಳ ದಾಟಿದ ಮೇಲಿನ ನಿಲ್ದಾಣಗಳಲ್ಲಿ ಜನ ಕಾಯುತ್ತ ನಿಲ್ಲುತ್ತಾರೆ. ಕಾಯುವುದು ಸಹ್ಯ, ತಪ್ಪಿಸಿಕೊಳ್ಳುವುದು ಸಹ್ಯವಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಲೈಬ್ರರಿ ಈ ಊಹೆಯನ್ನು ಮುಚ್ಚಿಡುವುದಿಲ್ಲ. ಪ್ರತಿ ವೇಳೆಯ ಜೊತೆಗೆ ಅದು ಕೊಟ್ಟದ್ದೋ ಲೆಕ್ಕ ಹಾಕಿದ್ದೋ ಎಂಬ ಗುರುತನ್ನೂ ಹಿಂದಿರುಗಿಸುತ್ತದೆ. ಲೆಕ್ಕದ ವೇಳೆಯನ್ನೇ ನಿಜವೆಂದು ಮತ್ತೆ ಕಡತಕ್ಕೆ ಬರೆಯುವವರ ಕೈಯಲ್ಲಿ ಆ ಗುರುತು ಕಳೆದುಹೋಗುತ್ತದೆ. ನಿಖರ ವೇಳೆಗೆ 1, ಅಂದಾಜಿಗೆ 0 ಎಂದು ಬರೆಯುವ ‘ಟೈಮ್‌ಪಾಯಿಂಟ್’ ಅಂಕಣ ಮಾದರಿಯಲ್ಲೇ ಇದೆ. ಆದರೆ ಅದು ಐಚ್ಛಿಕ, ಹಾಗಾಗಿ ಅನೇಕರು ತುಂಬುವುದಿಲ್ಲ.

ಗಾತ್ರ ಇನ್ನೊಂದು ತೊಡಕು. ನಿಲ್ದಾಣದ ವೇಳೆಗಳನ್ನು ಲೈಬ್ರರಿ ಎಸ್‌ಕ್ಯೂಲೈಟ್ ಕೋಷ್ಟಕದಲ್ಲಿಡುತ್ತದೆ. ಬೇಕಾದರೆ ಮೆಮೊರಿಯ ಬದಲು ತಾತ್ಕಾಲಿಕ ಕಡತದಲ್ಲೂ ಇಡಬಹುದು. ಸಣ್ಣ ಊರಿಗೆ ಇದು ಸಾಕು. ಸಾವಿರಾರು ಬಸ್ಸುಗಳ, ಬೆಂಗಳೂರಿನ ಬಿಎಂಟಿಸಿಯಂಥ ಸಂಸ್ಥೆಯ ಲಕ್ಷಗಟ್ಟಲೆ ಸಾಲುಗಳಿಗೆ ಅದು ನಿಧಾನ. ಮೇಲಾಗಿ ಇದು ಪೈಥಾನ್ 2ರ ಕಾಲದ್ದು, ಆ ಪೈಥಾನ್‌ಗೆ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ತಪಾಸಣೆಯ ಕೆಲಸವನ್ನು ಈಗ ಮೊಬಿಲಿಟಿಡೇಟಾ ಸಂಸ್ಥೆಯ ಜಾವಾ ತಂತ್ರಾಂಶ ಮಾಡುತ್ತಿದೆ. ಓದಿ ವಿಶ್ಲೇಷಿಸಲು ಪಾರ್ಟ್ರಿಜ್, ಜಿಟಿಎಫ್‌ಎಸ್ ಕಿಟ್ ಎಂಬ ಪೈಥಾನ್ ಲೈಬ್ರರಿಗಳಿವೆ. ಓದು, ಬರಹ, ತಪಾಸಣೆ ಮೂರನ್ನೂ ಒಂದೇ ಕಡೆ ಇಟ್ಟಿದ್ದ ಅನುಕೂಲ ಮಾತ್ರ ಚದುರಿಹೋಯಿತು, ಅದು ನಷ್ಟವೇ.

ಹೊಸ ಕೆಲಸಕ್ಕೆ ಟ್ರಾನ್ಸಿಟ್‌ಫೀಡ್ ಆರಿಸಿಕೊಳ್ಳಬಾರದು. ಆದರೆ ಮಾದರಿಯನ್ನು ಕಲಿಯಲು ಈ ಲೈಬ್ರರಿಯ ಕೋಡ್ ಓದುವುದು ಇಂದಿಗೂ ಉಪಯುಕ್ತ. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಿಎಂಟಿಸಿ ಆ್ಯಪ್‌ನ ಮಾಹಿತಿಯಿಂದ ಜಿಟಿಎಫ್‌ಎಸ್ ಕಡತ ಕಟ್ಟಿದ್ದಾರೆ, ಅದು ಮೆಚ್ಚಬೇಕಾದ ದುಡಿಮೆ. ಕೊಚ್ಚಿ ಮೆಟ್ರೊ ಮತ್ತು ದೆಹಲಿ ಸರ್ಕಾರ 2018ರಲ್ಲೇ ತಮ್ಮ ದತ್ತಾಂಶವನ್ನು ತಾವೇ ತೆರೆದಿಟ್ಟವು. ಇಲ್ಲಿಯೂ ವೇಳೆ ಡಿಪೊದಿಂದಲೇ ಬರಬೇಕು, ಯಾವುದು ಅಳೆದದ್ದು, ಯಾವುದು ಅಂದಾಜು ಎಂಬ ಗುರುತಿನ ಸಮೇತ ಬರಬೇಕು. ಲೈಬ್ರರಿ ಯಾವುದಾದರೂ ಆಗಲಿ, ‘ಟೈಮ್‌ಪಾಯಿಂಟ್’ ಅಂಕಣವನ್ನು ಖಾಲಿ ಬಿಡಬಾರದು.